ಚಿತ್ರ ವೇಳಾಪಟ್ಟಿ ಕಿಟ್: ತರಗತಿಗೆ ಹೊಂದುತ್ತದೆಯೇ?

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ 40 ಮಕ್ಕಳ ತರಗತಿಯಲ್ಲಿ ಪಾಠಕ್ಕಿಂತ ದೊಡ್ಡ ತೊಡಕು "ಮುಂದೇನು?" ಎಂಬ ಆತಂಕ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ತೋರಿಸಿ ಆ ಆತಂಕ ತಗ್ಗಿಸಲೆಂದೇ ಮಾಡಿದ ಈ ಕಿಟ್ ದಾವಣಗೆರೆಯ ಸ್ಟೇಷನರಿ ಅಂಗಡಿಯೊಂದರಲ್ಲಿ 450 ರೂಪಾಯಿಗೆ ಸಿಗುತ್ತದೆ. ಒಳಗೆ 24 ಲ್ಯಾಮಿನೇಟ್ ಕಾರ್ಡು, ಅವನ್ನು ವೆಲ್ಕ್ರೋದಿಂದ ಸಾಲಾಗಿ ಅಂಟಿಸುವ ಒಂದು ಪಟ್ಟಿ, ಮುಗಿದ ಕೆಲಸದ ಕಾರ್ಡು ಹಾಕಲು "ಮುಗಿಯಿತು" ಎಂದು ಬರೆದ ಜೇಬು.

ಕಾರ್ಡಿನ ಅಳತೆ ಚೆನ್ನಾಗಿದೆ, ಪುಟ್ಟ ಬೆರಳಿಗೂ ಹಿಡಿತ ಸಿಗುತ್ತದೆ. ಚಿತ್ರಗಳೇ ಸರಿಯಿಲ್ಲ. ಊಟದ ಕಾರ್ಡಿನಲ್ಲಿ ಬರ್ಗರ್! ಸರ್ಕಾರಿ ಶಾಲೆಯ ಮಗುವಿಗೆ ಊಟ ಅಂದರೆ ಸ್ಟೀಲ್ ತಟ್ಟೆಯ ಅನ್ನ, ಸಾರು. ನಿಮ್ಮ ಶಾಲೆಯ ಬಿಸಿಯೂಟದ ತಟ್ಟೆ, ಹಾಲಿನ ಲೋಟ, ಶೌಚಾಲಯದ ಬಾಗಿಲು ಇವುಗಳ ಫೋಟೊ ತೆಗೆದು ಕಾರ್ಡಿನ ಮೇಲೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಚಿತ್ರ ಕಾಣುವುದೇ ಇಲ್ಲ. ಮ್ಯಾಟ್ ಶೀಟ್ ಹಾಕಿಸಿ.

ಎಂಟೂ ಪೀರಿಯಡ್ ಒಟ್ಟಿಗೆ ಅಂಟಿಸಬೇಡಿ. ಮೊದಲ ವಾರ ಎರಡೇ ಕಾರ್ಡು: "ಈಗ", "ಆಮೇಲೆ". ಮಗು ತಾನೇ ಕಾರ್ಡು ಕಿತ್ತು ಜೇಬಿಗೆ ಹಾಕಬೇಕು, ಮೇಷ್ಟ್ರು ಹಾಕಿದರೆ ಕೆಲಸ ಮುಗಿದದ್ದು ಅದಕ್ಕೆ ಮನದಟ್ಟಾಗದು. ಪಟ್ಟಿ ಕರಿಹಲಗೆಯ ಪಕ್ಕದಲ್ಲಲ್ಲ, ಮಗುವಿನ ಡೆಸ್ಕಿನ ಮೇಲಿರಲಿ.

ವೆಲ್ಕ್ರೋ ಅಂಟು ಏಪ್ರಿಲ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಅದರ "ಚರ್" ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳೂ ಇದ್ದಾರೆ. ಅಂಥವರಿಗೆ ಬಟ್ಟೆ ಕ್ಲಿಪ್ಪೇ ವಾಸಿ. ಎಲ್ಲಕ್ಕಿಂತ ದೊಡ್ಡ ಕೊರತೆ "ಬದಲಾವಣೆ" ಕಾರ್ಡು ಇಲ್ಲದಿರುವುದು. ಡ್ರಿಲ್ ಪೀರಿಯಡ್ ರದ್ದಾದ ದಿನ ಮಗು ಕಂಗಾಲಾಗುವುದು ಅಲ್ಲೇ. ಕೆಂಪು ರಟ್ಟಿನಲ್ಲಿ ಒಂದು ಮಾಡಿಟ್ಟುಕೊಂಡು, ಪ್ರಾರ್ಥನೆಗೆ ಮುಂಚೆಯೇ ತೋರಿಸಿ.