ಮರದ ಮೇಲೆ ಒಂದೇ ಕೈ: ಮೂರು ಗರಗಸ ಬಳಸಿ ನೋಡಿದ್ದು

ಗರಗಸ ಕೊಳ್ಳುವಾಗ ಎಲ್ಲರೂ ಮೊದಲು ಹಲ್ಲು ಮುಟ್ಟಿ ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ನೋಡುವುದು ಒರೆಯನ್ನು. ಮರ ಹತ್ತಿ ಕೆಲಸ ಮಾಡುವವರಿಗೆ ಗರಗಸ ಎಷ್ಟು ಬೇಗ ಕೊಯ್ಯುತ್ತದೆ ಅನ್ನುವುದು ಆಮೇಲಿನ ಮಾತು. ಒಂದೇ ಕೈಯಲ್ಲಿ ತೆಗೆದು, ಕೊಯ್ದು, ಮತ್ತೆ ಒರೆಗೆ ಹಾಕಲು ಆಗುತ್ತದಾ? ಇನ್ನೊಂದು ಕೈ ಯಾವುದೋ ಕೊಂಬೆಯನ್ನೋ ಹಗ್ಗವನ್ನೋ ಹಿಡಿದಿರುತ್ತದೆ, ಅಲ್ವಾ?

ನಾನು ಬಳಸಿದ್ದು ಮೂರು ಬಗೆ: ಮಡಚುವುದು, ನೇರ ಅಲಗಿನದು, ಬಾಗಿದ ಅಲಗಿನದು. ಗರಗಸ ಮಾಡುವ ಜಪಾನಿನ ಸಿಲ್ಕಿ ಕಂಪನಿಯವರ ಹೆಸರು ಗೊತ್ತಿರುವವರಿಗೆ ಕ್ರಮವಾಗಿ ಹೇಳುವುದಾದರೆ ಗೊಮ್‌ಬಾಯ್, ಗೊಮ್‌ಟಾರೊ, ಜುಬಾಟ್ ಇವೆಯಲ್ಲ, ಆ ಮೂರು ಮಾದರಿಗಳು. ಮೂರೂ ಎಳೆದಾಗ ಕೊಯ್ಯುವಂಥವು. ತಳ್ಳಿ ಕೊಯ್ಯುವ ಗರಗಸಕ್ಕೆ ಮೈಭಾರ ಹಾಕಬೇಕು. ಹಗ್ಗದಲ್ಲಿ ನೇತಾಡುತ್ತಾ ತಳ್ಳಿದರೆ ಮರ ಕೊಯ್ಯುವುದಿಲ್ಲ, ನಾವೇ ಹಿಂದಕ್ಕೆ ತೂಗುತ್ತೇವೆ. ಎಳೆಯುವಾಗ ಅಲಗು ಬಿಗಿಯಾಗಿ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು. ತೆಳ್ಳಗಿದ್ದಷ್ಟೂ ಶ್ರಮ ಕಮ್ಮಿ. ಬಿಲ್ಲಿನಂಥ ಚೌಕಟ್ಟಿರುವ ಗರಗಸ ನೆಲದ ಮೇಲೆ ಬಿದ್ದ ಕೊಂಬೆಗೆ ಸರಿ. ಮೇಲೆ ಸಂದಿಗಳಲ್ಲಿ ಅದು ತೂರುವುದೇ ಇಲ್ಲ.

ಮೊದಲು ಕೊಂಡಿದ್ದು ಮಡಚುವುದನ್ನೇ. ಜೇಬಿಗೆ ಹೋಗುತ್ತದೆ, ಹಲ್ಲು ಯಾವುದಕ್ಕೂ ತಾಗುವುದಿಲ್ಲ, ಚಂದ ಕೊಯ್ಯುತ್ತದೆ. ತೊಂದರೆ ಇರುವುದು ಕೊಯ್ದಾದ ಮೇಲೆ. ಗುಂಡಿ ಒತ್ತಬೇಕು, ಅಲಗು ಮಡಚಬೇಕು, ಹಿಡಿ ಕೈಯಲ್ಲೇ ಇರಬೇಕು. ಇದಕ್ಕೆ ಎರಡು ಕೈ ಬೇಕು. ಒಂದು ಸಲ ಮಳೆ ನಿಂತ ಮೇಲೆ, ಒದ್ದೆ ಕೈಗವಸಿನಲ್ಲಿ, ಅಲಗನ್ನು ತೊಡೆಗೆ ಒತ್ತಿ ಮಡಚಲು ಹೋದೆ. ಜಾರಿ ಕೆಳಗೆ ಬಿತ್ತು. ಹಿಡಿಗೆ ದಾರ ಕಟ್ಟಿರಲಿಲ್ಲ, ತಪ್ಪು ನನ್ನದೇ. ಕೆಳಗಿದ್ದ ಗೆಳೆಯ ಅದನ್ನು ಎತ್ತಿಕೊಂಡು ಒಂದು ಮಾತೂ ಆಡದೆ ನನ್ನನ್ನೇ ನೋಡಿದ. ಈಗ ಅದು ಚೀಲದಲ್ಲಿ ಎರಡನೆಯ ಗರಗಸವಾಗಿ ಇರುತ್ತದೆ. ಏಣಿ ಮೇಲಿನ ಸಣ್ಣ ಕೆಲಸಕ್ಕೆ ಇವತ್ತಿಗೂ ಅದೇ.

ನೇರ ಅಲಗಿನದು ಹೇಳಿದ ಮಾತು ಕೇಳುವ ಗರಗಸ. ಎದೆಯ ಮಟ್ಟದಲ್ಲಿ, ಮುಖದ ಎದುರಿಗೇ ಇರುವ ಕೊಂಬೆಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕೊಂಬೆಯ ಬುಡದಲ್ಲಿ ಒಂದು ಉಬ್ಬು ಇರುತ್ತದೆ. ಆ ಉಬ್ಬನ್ನು ಬಿಟ್ಟು ಸ್ವಲ್ಪವೇ ಹೊರಗೆ ಕೊಯ್ದರೆ ಮರ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಗೆರೆ ತಪ್ಪಬಾರದು, ನೇರ ಅಲಗು ತಪ್ಪಿಸುವುದಿಲ್ಲ. ಆದರೆ ತಲೆಗಿಂತ ಮೇಲಿನ ಕೊಂಬೆಗೆ ಇದನ್ನು ಒತ್ತಿ ಹಿಡಿದೇ ಎಳೆಯಬೇಕು. ಹತ್ತು ನಿಮಿಷಕ್ಕೇ ಭುಜ ಸೋಲುತ್ತದೆ.

ಬಾಗಿದ್ದು ಅಲ್ಲೇ ಗೆಲ್ಲುವುದು. ಭುಜದಿಂದ ಎಳೆದಾಗ ಕೈ ನೇರವಾಗಿ ಬರುವುದಿಲ್ಲ, ಕಮಾನಿನ ಹಾಗೆ ಬರುತ್ತದೆ. ಅಲಗೂ ಅದೇ ದಾರಿಯಲ್ಲಿ ಬರುವುದರಿಂದ ಹಲ್ಲು ತಾನಾಗಿಯೇ ಕಚ್ಚುತ್ತದೆ, ಒತ್ತುವುದೇ ಬೇಡ. ತಲೆಯ ಮೇಲೆ, ಸೊಂಟದ ಕೆಳಗೆ, ಕೈ ಪೂರ್ತಿ ಚಾಚಿ, ಎಲ್ಲಿಗೂ ಸರಿ. ಎಷ್ಟು ಎಳೆತಕ್ಕೆ ಕೊಂಬೆ ಉದುರಿತು ಅಂತ ನಾನು ಎಣಿಸಿಲ್ಲ. ಸಂಜೆ ಭುಜ ಹೇಳುತ್ತದೆ. ನನ್ನದು 330 ಮಿ.ಮೀ. ಅಲಗು. ಕೊಂಬೆಯ ದಪ್ಪದ ಎರಡರಷ್ಟು ಉದ್ದದ ಅಲಗು ಇರಲಿ ಅನ್ನುವ ಲೆಕ್ಕದಲ್ಲಿ 15–16 ಸೆಂ.ಮೀ. ದಪ್ಪದ ಕೊಂಬೆಗೆ ಸಾಕು. ಅದಕ್ಕಿಂತ ಉದ್ದದ್ದು, ಜಾಸ್ತಿ ಬಾಗಿದ್ದು (ಸಿಲ್ಕಿಯವರದೇ ಸುಗೋಯಿ ಥರದ್ದು) ಸಿಗುತ್ತದೆ. ಕೊಂಬೆಗಳ ಗುಂಪಿನಲ್ಲಿ ಅಷ್ಟುದ್ದ ಎಳೆಯಲು ಜಾಗ ಎಲ್ಲಿದೆ?

ಇದರ ಕೆಟ್ಟ ಗುಣವೂ ಆ ಕಚ್ಚುವಿಕೆಯೇ. ಆಸೆ ಬಿದ್ದು ಉದ್ದಕ್ಕೆ ಎಳೆದರೆ ತುದಿ ಗೆರೆಯಿಂದ ಈಚೆಗೆ ಹಾರಿ ಬರುತ್ತದೆ. ಎದುರಿಗೆ ಇರುವುದು ಎಡಗೈ, ಇಲ್ಲವೇ ಹಗ್ಗ. ಭಾರ ಬಿದ್ದು ಬಿಗಿಯಾದ ಹಗ್ಗಕ್ಕೆ ಈ ಹಲ್ಲು ಸುಮ್ನೆ ತಾಗಿದರೂ ಸಾಕು, ಎಳೆಗಳು ಬಿಡುತ್ತವೆ. ಅದಕ್ಕೇ ಕೊಯ್ಯುವಾಗ ಇನ್ನೊಂದು ಹಗ್ಗದಿಂದಲೂ ನನ್ನನ್ನು ಮರಕ್ಕೆ ಕಟ್ಟಿಕೊಂಡಿರುತ್ತೇನೆ. ನನ್ನ ಹೆಬ್ಬೆರಳಿನ ಬುಡದಲ್ಲೂ ಒಂದು ಗುರುತಿದೆ.

ಹಲ್ಲಿನ ಬಗ್ಗೆ ಎರಡೇ ಮಾತು. ಹಸಿ, ಮೆತ್ತಗಿನ ಮರಕ್ಕೆ ದೊಡ್ಡ ಹಲ್ಲು. ಸಣ್ಣ ಹಲ್ಲಾದರೆ ಒದ್ದೆ ಪುಡಿ ಕಟ್ಟಿಕೊಳ್ಳುತ್ತದೆ. ಒಣಗಿದ ಗಟ್ಟಿ ಮರಕ್ಕೆ ಸಣ್ಣದು. ಹಲ್ಲಿನ ತುದಿ ನೀಲಿ-ಕಪ್ಪಾಗಿ ಕಂಡರೆ ಅದನ್ನು ಕಾಯಿಸಿ ಗಟ್ಟಿ ಮಾಡಿದ್ದಾರೆ ಅಂತ ಅರ್ಥ. ಬಹಳ ದಿನ ಬಾಳುತ್ತದೆ, ಆದರೆ ಅರ ಹಾಕಿ ಮಸೆಯಲು ಆಗುವುದಿಲ್ಲ. ಅಲಗನ್ನೇ ಬದಲಾಯಿಸಬೇಕು. ಹಾಗಾಗಿ ಬಿಡಿ ಅಲಗು ಸಿಗುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ಒರೆ. ಬಾಯಿ ಅಗಲವಾಗಿರಬೇಕು. ಗರಗಸ ತಾನಾಗಿ ಜಾರದಂತೆ ಕಚ್ಚಿ ಹಿಡಿಯಬೇಕು. ಕೆಲವಕ್ಕೆ ಒಳಗೆ ಪುಟ್ಟ ರಬ್ಬರ್ ಉರುಳೆಗಳಿರುತ್ತವೆ, ಅವು ಚೆನ್ನ. ತುದಿಯಲ್ಲಿ ತೂತಿದ್ದರೆ ನೀರು, ಪುಡಿ ಉದುರಿ ಹೋಗುತ್ತದೆ. ಸೊಂಟದಿಂದ ನೇತಾಡುವ ಒರೆ ಹತ್ತುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ನಾನು ಕಾಲಿಗೇ ಕಟ್ಟಿಕೊಳ್ಳುತ್ತೇನೆ.

ಕೊಳ್ಳುವ ಮುಂಚೆ ಕೈಗವಸು ಹಾಕಿಕೊಂಡು, ಮೇಲೆ ನೋಡುತ್ತಾ, ನಿಧಾನಕ್ಕೆ ಒಂದೇ ಕೈಯಲ್ಲಿ ಗರಗಸವನ್ನು ಒರೆಗೆ ಹಾಕಿ ನೋಡಿ. ಇನ್ನೊಂದು ಕೈ ತಾನಾಗಿಯೇ ಒರೆಯ ಬಾಯಿ ಹುಡುಕಿಕೊಂಡು ಹೊರಟರೆ, ಎಷ್ಟು ಒಳ್ಳೆಯ ಅಲಗಾದರೂ ಅಲ್ಲೇ ಬಿಟ್ಟು ಬನ್ನಿ.