ನಾಯಿಯ ಕಿವಿಗೆ ಇಯರ್ ಬಡ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಲ್ಯಾಬ್ರಡಾರ್ ಗುಂಡನ ತಲೆ ಈಗಲೂ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇರುತ್ತದೆ. ಫೋಟೋ ನೋಡಿದವರು "ಅಯ್ಯೋ, ಎಷ್ಟು ಮುದ್ದು" ಅನ್ನುತ್ತಾರೆ. ಅದು ಮುದ್ದಲ್ಲ, ನಾನು ಮಾಡಿದ ಎಡವಟ್ಟು.

ನಮ್ಮದು ಮಲೆನಾಡಿನ ಸಾಗರ ಊರಿನ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಬೇಗ ಬಿಡುವುದಿಲ್ಲ. ಗುಂಡನಿಗೋ ತೋಟದ ಕಾಲುವೆ ಕಂಡರೆ ಸಾಕು, ಹಾರುತ್ತಾನೆ. ಜೋಲು ಕಿವಿ, ಒಳಗೆ ಗಾಳಿ ಆಡುವುದಿಲ್ಲ, ಸೋಂಕು ಬೇಗ ಆಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಅದು ನಿಜವೇ. ಹಾಗಾಗಿ ಪ್ರತಿ ಭಾನುವಾರ ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಇಯರ್ ಬಡ್ ಹಾಕಿ ತಿರುವುತ್ತಿದ್ದೆ. ಒಂದು ವಿಡಿಯೋ ನೋಡಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬಿಟ್ಟೆ. ಬಿಳಿ ನೊರೆ ಬುಸಬುಸ ಎದ್ದಿತು. ಕೊಳೆ ಎಲ್ಲಾ ಹೊರಗೆ ಬರುತ್ತಿದೆ ಅಂತ ಖುಷಿಪಟ್ಟೆ. ಅದು ಗಾಯದ ಮೇಲೆ ಬಿಟ್ಟರೂ ಹಾಗೇ ನೊರೆ ಬರುತ್ತದೆ, ಒಳಗಿನ ಚರ್ಮವನ್ನು ಕೆರಳಿಸುತ್ತದೆ ಅಂತ ಗೊತ್ತಾಗಿದ್ದು ಆಮೇಲೆ.

ತಿಂಗಳೊಳಗೆ ಗುಂಡ ತಲೆ ಕೊಡವಲು ಶುರುಮಾಡಿದ. ರಾತ್ರಿಯೆಲ್ಲಾ ಪಟಪಟ ಸದ್ದು. ಕಿವಿ ಮೂಸಿದರೆ ದೋಸೆ ಹಿಟ್ಟು ಜಾಸ್ತಿ ಹುಳಿ ಬಂದಂಥ ವಾಸನೆ, ಬಡ್ ತುಂಬಾ ಕಂದು ಜಿಡ್ಡು. ಆಗಲಾದರೂ ಡಾಕ್ಟರ ಹತ್ತಿರ ಹೋಗಬೇಕಿತ್ತು, ಅಲ್ವಾ? ನಾನು ಇನ್ನೂ ಜಾಸ್ತಿ ಕ್ಲೀನ್ ಮಾಡಿದೆ. ಅತ್ತೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡು ಅಂದರು, ಅದೂ ಆಯ್ತು. ಕೊನೆಗೆ ಮೆಡಿಕಲ್ ಶಾಪಿನಲ್ಲಿ "ನಾಯಿಗೆ ಕಿವಿ ನೋವು" ಅಂದೆ. ಅವರು ಒಂದು ಡ್ರಾಪ್ಸ್ ಕೊಟ್ಟರು. ಯಾರೂ ಕಿವಿಯೊಳಗೆ ನೋಡಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಗುಂಡ ಏಳಲು ಹೋಗಿ ಬಿದ್ದ. ಕುಡಿದವನ ಹಾಗೆ ಎಡಕ್ಕೇ ತೂರಾಡುತ್ತಿದ್ದ. ಕಣ್ಣಗುಡ್ಡೆ ಅತ್ತಿತ್ತ ಓಡುತ್ತಿತ್ತು. ವಾಂತಿ ಬೇರೆ. ಹಾವು ಕಚ್ಚಿತೋ, ಲಕ್ವ ಹೊಡೆಯಿತೋ ಅಂತ ಕೈಕಾಲು ಬಿಟ್ಟುಕೊಂಡು, ಸುರಿಯುವ ಮಳೆಯಲ್ಲಿ 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕಾರು ಓಡಿಸಿದೆವು.

ಅಲ್ಲಿನ ಪಶುವೈದ್ಯರು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ದೀಪ ಇರುವ ಉಪಕರಣ ಇಟ್ಟು ನೋಡಿದರು. ಎಡಗಿವಿಯ ತಮಟೆ ಹರಿದಿತ್ತು. "ಏನೇನು ಹಾಕಿದ್ರಿ?" ಅಂತ ಕೇಳಿದರು. ಪಟ್ಟಿ ಹೇಳುತ್ತಾ ಹೋದ ಹಾಗೆ ನನ್ನ ದನಿ ಸಣ್ಣಗಾಯಿತು.

ಅವರು ಹೇಳಿದ್ದು ಇಷ್ಟು. ನಾಯಿಯ ಕಿವಿ ನಮ್ಮ ಕಿವಿಯಂತೆ ನೆಟ್ಟಗಿಲ್ಲ. ಮಾಡಿನ ನೀರು ಇಳಿಯುವ ಪೈಪಿನ ಹಾಗೆ ಮೊದಲು ಕೆಳಗೆ ಇಳಿದು, ಆಮೇಲೆ ಮೊಳಕೈಯಂತೆ ಒಳಕ್ಕೆ ತಿರುಗುತ್ತದೆ. ಬಡ್ ಹಾಕಿದರೆ ತುದಿಗೆ ಅಂಟಿದಷ್ಟು ಮಾತ್ರ ಹೊರಗೆ, ಉಳಿದದ್ದೆಲ್ಲಾ ಕೇಪಿನ ಕೋವಿಗೆ ಮದ್ದು ಜಡಿದ ಹಾಗೆ ಆ ತಿರುವಿಗೆ ಹೋಗಿ ಕೂರುತ್ತದೆ. ಆರೋಗ್ಯವಾದ ಕಿವಿಯ ಚರ್ಮ ಕೊಳೆಯನ್ನು ತಾನೇ ನಿಧಾನಕ್ಕೆ ಹೊರಗೆ ತಳ್ಳುತ್ತದಂತೆ. ಅದನ್ನು ವಾರ ವಾರ ಉಜ್ಜಿ, ಒದ್ದೆ ಮಾಡಿ, ಯೀಸ್ಟ್ ಬೆಳೆಯಲು ನಾನೇ ಗದ್ದೆ ಹದಮಾಡಿ ಕೊಟ್ಟಿದ್ದೆ. ಡ್ರಾಪ್ಸ್‌ದು ಇನ್ನೊಂದು ಕಥೆ. ಜೆಂಟಾಮೈಸಿನ್ ತರಹದ ಕೆಲವು ಔಷಧಿಗಳು ಹರಿದ ತಮಟೆ ದಾಟಿ ಒಳಗಿವಿಗೆ ಹೋದರೆ, ಕೇಳುವ ಶಕ್ತಿಗೂ ಸಮತೋಲನಕ್ಕೂ ಏಟು. ತಮಟೆ ಹರಿದಿದ್ದು ಬಡ್‌ನಿಂದಲೋ ಸೋಂಕಿನಿಂದಲೋ ಹೇಳಲಾಗಲಿಲ್ಲ. ಎರಡಕ್ಕೂ ನಾನೇ ತಾನೆ.

ಹಾಗಂತ ಕ್ಲೀನ್ ಮಾಡಲೇಬಾರದು ಅಂತಲ್ಲ. ಈಗ ಬಲಗಿವಿಗೆ, ನೀರಾಟ ಆಡಿ ಬಂದ ದಿನ ಮಾತ್ರ, ಡಾಕ್ಟರು ಬರೆದುಕೊಟ್ಟ ನಾಯಿಗಳ ಇಯರ್ ಕ್ಲೀನರ್ ಹಾಕುತ್ತೇನೆ. ಕಿವಿ ತುಂಬುವಷ್ಟು ಧಾರಾಳವಾಗಿ ಬಿಟ್ಟು, ಬುಡದಲ್ಲಿ 20-30 ಸೆಕೆಂಡ್ ಪಚಪಚ ಅನ್ನುವ ಹಾಗೆ ತಿಕ್ಕಿ ಬಿಟ್ಟುಬಿಡುವುದು. ಅವನೇ ತಲೆ ಕೊಡವುತ್ತಾನೆ, ಕೊಳೆ ಮೇಲೆ ಬರುತ್ತದೆ. (ಇದನ್ನು ಅಂಗಳದಲ್ಲಿ ಮಾಡಿ. ನಮ್ಮ ಗೋಡೆಯ ಗತಿ ಹೇಳುವಂತಿಲ್ಲ.) ಆಮೇಲೆ ಬೆರಳಿಗೆ ಹತ್ತಿ ಸುತ್ತಿಕೊಂಡು, ಬೆರಳು ಸುಲಭವಾಗಿ ಹೋಗುವಷ್ಟೇ ಒರೆಸುವುದು. ಸ್ಪಿರಿಟ್, ವಿನೆಗರ್, ಎಣ್ಣೆ ಯಾವುದೂ ಬೇಡ.

ಕಿವಿ ಕೆಂಪಾಗಿದ್ದರೆ, ವಾಸನೆ ಇದ್ದರೆ, ಮುಟ್ಟಿದರೆ ಕುಂಯ್ ಅಂದರೆ ಕ್ಲೀನರ್ ಕೂಡ ಮುಟ್ಟಬೇಡಿ. ಡಾಕ್ಟರ ಹತ್ತಿರ ಹೋಗುವ ದಿನ ಕಿವಿ ತೊಳೆದು ಕರೆದೊಯ್ಯಬೇಡಿ. ಆ ಕೊಳಕನ್ನೇ ಅವರು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು, ಯೀಸ್ಟೋ ಬ್ಯಾಕ್ಟೀರಿಯಾನೋ ಅಂತ. ಪದೇ ಪದೇ ಬರುತ್ತಿದ್ದರೆ ಅಲರ್ಜಿ ಇದೆಯಾ ಅಂತಲೂ ಕೇಳಿ. ಗುಂಡನಿಗೆ ಅದೂ ಇತ್ತು. ಕಾಲು ನೆಕ್ಕುತ್ತಿದ್ದುದನ್ನು ನಾನು ಅಭ್ಯಾಸ ಅಂದುಕೊಂಡಿದ್ದೆ.

ತೂರಾಟ ಎರಡು ವಾರಕ್ಕೆ ನಿಂತಿತು. ಎಡಗಿವಿ ಮಾತ್ರ ಕೇಳುತ್ತಿಲ್ಲ. ಈಗ ತೋಟದಿಂದ "ಗುಂಡಾ" ಅಂತ ಕೂಗಿದರೆ ಅವನು ಎದ್ದು ನಿಂತು, ಸದ್ದು ಎಲ್ಲಿಂದ ಬಂತು ಅಂತ ತಿಳಿಯದೆ ಮೊದಲು ರಸ್ತೆ ಕಡೆ ನೋಡುತ್ತಾನೆ.