ಯಾವರಾತ್ ಬೀದಿಯ ಊಟ: ಯಾವ ಗಾಡಿಯ ಮುಂದೆ ನಿಲ್ಲಬೇಕು, ಯಾವುದನ್ನು ದಾಟಿ ಹೋಗಬೇಕು

ಬ್ಯಾಂಕಾಕಿನ ಚೈನಾಟೌನಿನ ನಟ್ಟನಡುವೆ ಹಾಯುವ ಯಾವರಾತ್ ರಸ್ತೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಹೆಸರಿನ ಮೂಲ ನಮಗೆ ಗೊತ್ತಿರುವ ‘ಯುವರಾಜ’ನೇ. ಹಗಲಲ್ಲಿ ಇದು ಚಿನ್ನದಂಗಡಿಗಳ ಬೀದಿ. ಸಂಜೆ ಆರರ ಹೊತ್ತಿಗೆ ಗಾಡಿಗಳು ಬಂದು ಒಲೆ ಹಚ್ಚುತ್ತವೆ, ಎಂಟರ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಆರೂವರೆಗೇ ತಲುಪಿದರೆ ಸರದಿ ಸಣ್ಣದು, ಎಣ್ಣೆಯೂ ಹೊಸದು. ಸೋಮವಾರ ಬಹಳಷ್ಟು ಗಾಡಿಗಳಿಗೆ ರಜೆ, ಆ ದಿನ ಬೇಡ. ಎಂಆರ್‌ಟಿ ಎಂಬ ಮೆಟ್ರೊ ರೈಲಿನ ನೀಲಿ ಮಾರ್ಗದ ವಾಟ್ ಮಂಗ್‌ಕಾನ್ ನಿಲ್ದಾಣ 2019ರಲ್ಲಿ ತೆರೆದ ಮೇಲೆ ಟುಕ್‌ಟುಕ್‌ನವರ ಜೊತೆ ಚೌಕಾಸಿ ಮಾಡುವ ಕಷ್ಟವೂ ತಪ್ಪಿದೆ. ಇಳಿದು ಐದು ನಿಮಿಷ ನಡೆದರೆ ಸಾಕು.

ಈ ಬೀದಿಯಲ್ಲಿ ಚೆನ್ನಾಗಿರುವುದೆಲ್ಲ ಕಣ್ಣೆದುರೇ, ಜೋರು ಬೆಂಕಿಯ ಮೇಲೆ, ಒಂದೊಂದೇ ತಟ್ಟೆಯಾಗಿ ಆಗುವಂಥದ್ದು. ಫುಟ್‌ಪಾತ್ ತುಂಬ ಮೇಜು ಹಾಕಿ, ಐಸ್ ಮೇಲೆ ಸಿಗಡಿ ಜೋಡಿಸಿ, ಚಿತ್ರದ ಮೆನು ಹಿಡಿದು ಕೈಬೀಸಿ ಕರೆಯುವ ಸೀಫುಡ್ ಜಾಗಗಳು ರುಚಿಯಲ್ಲಿ ಸಾಧಾರಣ, ಬಿಲ್ಲಿನಲ್ಲಿ ಮಾತ್ರ ದೊಡ್ಡವು. ಅಲ್ಲೇ ಕೂರುವುದಾದರೆ ಮೀನು, ಸಿಗಡಿಯ ದರ ತಟ್ಟೆಗೋ, 100 ಗ್ರಾಮಿಗೋ, ಕಿಲೋಗೋ ಎಂದು ಮೊದಲೇ ಕೇಳಿ. ಜಗಳವಾಗುವುದು ಹೆಚ್ಚಾಗಿ ಇದೊಂದೇ ವಿಷಯಕ್ಕೆ.

ಮಾಂಸ ತಿನ್ನುವವರು ಮೊದಲು ನಿಲ್ಲಬೇಕಾದದ್ದು ಕುವಾಯ್ ಜಾಪ್ ಮಾಡುವಲ್ಲಿ. ಅಗಲವಾದ ಅಕ್ಕಿ ನೂಡಲ್ಸ್ ಬಿಸಿನೀರಿಗೆ ಬಿದ್ದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತದೆ. ಜೊತೆಗೆ ಗರಿಗರಿ ಹಂದಿ ಮಾಂಸ, ಕರುಳು, ಈಲಿ. ಇದರಲ್ಲಿ ಎರಡು ಬಗೆ: ನಾಮ್ ಸೈ ಎಂಬ ತಿಳಿಸಾರು, ನಾಮ್ ಖೋನ್ ಎಂಬ ಕಂದು, ಮಸಾಲೆಯ ಸಾರು. ಯಾವರಾತ್‌ಗೆ ಹೆಸರು ತಂದದ್ದು ತಿಳಿಸಾರು. ಅದರ ಖಾರ ಮೆಣಸಿನಕಾಯಿಯದಲ್ಲ, ಬಿಳಿ ಕಾಳುಮೆಣಸಿನದು. ನಾಲಿಗೆಗಿಂತ ಗಂಟಲಿಗೆ ಮೊದಲು ತಾಗುತ್ತದೆ. ಕರುಳು ಬೇಡವೆಂದರೆ ‘ಮೈ ಸೈ ಖ್ರುವಾಂಗ್ ನೈ’ ಎನ್ನಿ. ಬಟ್ಟಲು ಸಾಮಾನ್ಯವಾಗಿ 60ರಿಂದ 100 ಬಾತ್ (ಥಾಯ್ ಹಣ).

ಮೇಜಿನ ಮೇಲಿರುವ ನಾಲ್ಕು ಡಬ್ಬಿಗಳಲ್ಲಿ ಹೊಸಬರು ಎಡವುತ್ತಾರೆ. ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ಹಾಕಿದ ವಿನೆಗರ್, ಮೀನಿನ ಸಾಸ್. ಸಾರು ರುಚಿ ನೋಡುವ ಮೊದಲೇ ಎಲ್ಲವನ್ನೂ ಸುರಿದರೆ ಕೆಟ್ಟಿತು. ಮೊದಲು ವಿನೆಗರ್ ಅರ್ಧ ಚಮಚ, ಆಮೇಲೆ ಪುಡಿ, ಬೇಕಿದ್ದರೆ ಚಿಟಿಕೆ ಸಕ್ಕರೆ. ಮೀನಿನ ಸಾಸ್ ಕಡೆಗೆ ಬರಲಿ, ಉಪ್ಪು ಹೆಚ್ಚಾದರೆ ವಾಪಸ್ ತೆಗೆಯಲಾಗದು.

ಸಿಂಪಿಯ ಆಮ್ಲೆಟ್ಟಿನಲ್ಲೂ ಎರಡು ಬಗೆ. ‘ಓ ಸುವಾನ್’ ಮೆತ್ತಗೆ, ಅಂಟಂಟು. ‘ಓ ಲುವಾ’ ಗರಿಗರಿ. ಹಿಟ್ಟಿನಲ್ಲಿ ಮರಗೆಣಸಿನ ಪಿಷ್ಟ ಇರುವುದರಿಂದ ಆ ಅಂಟು. ಅದು ಹಸಿಯಲ್ಲ, ಹೆದರಬೇಡಿ. ಹಂಚು ಸಾಕಷ್ಟು ಕಾದಿರದಿದ್ದರೆ ಅಥವಾ ಒಂದೇ ಸಲಕ್ಕೆ ನಾಲ್ಕು ತಟ್ಟೆಯಷ್ಟು ಹಾಕಿದರೆ ಸಿಂಪಿ ನೀರು ಬಿಟ್ಟುಕೊಂಡು ಎಲ್ಲ ಮುದ್ದೆಯಾಗುತ್ತದೆ. ಹಂಚಿಗೆ ಹಿಟ್ಟು ಬಿದ್ದಾಗ ‘ಚುಂಯ್’ ಎಂಬ ಸದ್ದು ಜೋರಾಗಿ ಬರದಿದ್ದರೆ ಮುಂದೆ ನಡೆಯಿರಿ.

ಪದ್ ಥಾಯ್ ಎಂಬ ಹುರಿದ ಅಕ್ಕಿ ನೂಡಲ್ಸಿಗೂ ಇದೇ ಮಾತು. ಬಾಣಲೆಯ ಪಕ್ಕದಲ್ಲಿ ಆಗಲೇ ಹುರಿದಿಟ್ಟ ನೂಡಲ್ಸಿನ ಗುಡ್ಡೆ ಕಂಡರೆ ನಿಲ್ಲಬೇಡಿ. ಸರಿಯಾದದ್ದರ ಹುಳಿ ಹುಣಸೆಹಣ್ಣಿನದು, ಸಿಹಿ ತಾಳೆಬೆಲ್ಲದ್ದು, ಹಾಗಾಗಿ ಬಣ್ಣ ತೆಳು ಕಂದು. ಕೆಂಪಗೆ ಹೊಳೆದರೆ ಬಾಟಲಿ ಸಾಸಿನ ಕೈವಾಡ ಎಂದುಕೊಳ್ಳಿ. ಮೊಳಕೆ ಕಾಳು, ನಿಂಬೆ, ಕಡಲೆಕಾಯಿ ಪುಡಿ ಪಕ್ಕದಲ್ಲಿ ಬರುತ್ತವೆ, ಕಲೆಸಿಕೊಂಡು ತಿನ್ನಬೇಕು. ಕಡಲೆಕಾಯಿ ಅಲರ್ಜಿ ಇರುವವರು ಬಾಯಿಮಾತನ್ನು ನೆಚ್ಚದೆ, ಥಾಯ್ ಲಿಪಿಯಲ್ಲಿ ಬರೆಸಿದ ಚೀಟಿ ತೋರಿಸುವುದು ಒಳ್ಳೆಯದು.

ಸಸ್ಯಾಹಾರಿಗಳಿಗೆ ಈ ಬೀದಿ ಸುಲಭವಲ್ಲ, ಮುಚ್ಚುಮರೆ ಏಕೆ? ಥಾಯ್‌ನಲ್ಲಿ ಸಸ್ಯಾಹಾರಕ್ಕೆ ‘ಮಾಂಗ್‌ಸವಿರಾತ್’ ಎನ್ನುತ್ತಾರೆ, ಸಾಕ್ಷಾತ್ ‘ಮಾಂಸವಿರತಿ’. ಆದರೆ ಅದನ್ನು ಹೇಳಿಯೂ ಮೀನಿನ ಸಾಸ್ ಬೀಳಬಹುದು, ಅದನ್ನು ಅವರು ಉಪ್ಪಿನ ಲೆಕ್ಕಕ್ಕೆ ಹಿಡಿಯುತ್ತಾರೆ. ‘ಮೈ ಸೈ ನಾಮ್ ಪ್ಲಾ’ (ಮೀನಿನ ಸಾಸ್ ಬೇಡ), ‘ಮೈ ಸೈ ನಾಮ್ ಮನ್ ಹೋಯ್’ (ಸಿಂಪಿ ಸಾಸ್ ಬೇಡ), ಈ ಎರಡನ್ನೂ ಬಿಡಿಸಿ ಹೇಳಿ. ಅದಕ್ಕಿಂತ ಭದ್ರವಾದದ್ದು ‘ಜೇ’ ಎಂಬ ಚೀನೀ ಮಡಿಯ ಸಸ್ಯಾಹಾರ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇದ್ದಲ್ಲಿ ಮಾಂಸ, ಮೀನಿನ ಸಾಸ್ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಜೇ ಹಬ್ಬ ಬಂದಾಗ ಬೀದಿಯೆಲ್ಲ ಹಳದಿಯಾಗುತ್ತದೆ. ಪ್ರಯಾಣದ ದಿನ ಹೊಂದಿಸಲಾಗುವುದಾದರೆ ಆಗಲೇ ಬನ್ನಿ. ಉಳಿದ ದಿನಗಳಲ್ಲಿ ಹುರಿದ ಚೆಸ್ಟ್‌ನಟ್, ಮಾವಿನಹಣ್ಣು ಮತ್ತು ತೆಂಗಿನಹಾಲಿನ ಅಂಟಕ್ಕಿ, ಶುಂಠಿ ನೀರಿನಲ್ಲಿ ತೇಲುವ ಕಪ್ಪೆಳ್ಳಿನ ಕಡುಬು ಇವೆ. ಕೊನೆಯದನ್ನು ‘ಬುವಾ ಲೋಯ್ ನಾಮ್ ಖಿಂಗ್’ ಎನ್ನುತ್ತಾರೆ. ಹೊಟ್ಟೆ ಭಾರವಾದ ಮೇಲೆ ಅದಕ್ಕಿಂತ ಹಿತವಾದದ್ದು ಇಲ್ಲಿ ಇನ್ನೊಂದಿಲ್ಲ. ಕಚ್ಚುವಾಗ ಹುಷಾರು, ಒಳಗಿನ ಎಳ್ಳಿನ ಹೂರಣ ಸುಡುತ್ತಿರುತ್ತದೆ.

ಖಾರದ ವಿಷಯಕ್ಕೆ ‘ಮೈ ಪೆತ್’ ಎಂದರೆ ಖಾರ ಬೇಡ, ‘ಪೆತ್ ನಿತ್ ನೋಯ್’ ಎಂದರೆ ಸ್ವಲ್ಪ. ಖಾರ ತಿಂದು ರೂಢಿಯಿದೆ ಎಂಬ ಧೈರ್ಯದಲ್ಲಿ ಶುರುವಿಗೇ ಪೂರ್ತಿ ಖಾರ ಕೇಳಬೇಡಿ. ಹಸಿ ಸೂಜಿಮೆಣಸಿನ ಖಾರ ಒಗ್ಗರಣೆಯಲ್ಲಿ ಬಾಡಿದ ಮೆಣಸಿನಕಾಯಿಯಂತಲ್ಲ. ಮಾತಿನ ಕೊನೆಗೆ ಗಂಡಸರು ‘ಖ್ರಾಪ್’, ಹೆಂಗಸರು ‘ಖಾ’ ಸೇರಿಸಿದರೆ ಗಾಡಿಯವರ ಮುಖ ಅರಳುತ್ತದೆ.

ಹೊಟ್ಟೆ ಕೆಡುವುದು ಹೆಚ್ಚಾಗಿ ಆರಿದ ಊಟದಿಂದ. ಆಗಲೇ ಬೆಂದು ತಟ್ಟೆಯಲ್ಲಿ ಕೂತಿರುವ ಸಾರು, ಪಲ್ಯ ಬೆಳಿಗ್ಗೆಯೇ ಸರಿ, ರಾತ್ರಿಗಲ್ಲ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಲ್ಲಿ ಶುದ್ಧ ನೀರಿನಿಂದ ಮಾಡಿದ್ದು, ಅದನ್ನು ಕುಡಿಯಬಹುದು. ದೊಡ್ಡ ಗಡ್ಡೆ ಒಡೆದ ಪುಡಿ ಐಸ್ ಬೇಡ. ನಲ್ಲಿ ನೀರು ಬೇಡವೇ ಬೇಡ. ಕೈಯಲ್ಲಿ 20, 50, 100ರ ನೋಟುಗಳಿರಲಿ. 40 ಬಾತ್‌ಗೆ 1000ದ ನೋಟು ಕೊಟ್ಟರೆ ಗಾಡಿಯವರು ಸಿಟ್ಟಾಗುವುದು ನ್ಯಾಯವೇ; ಹತ್ತಿರದ ಸೆವೆನ್ ಇಲೆವೆನ್‌ನಲ್ಲಿ ನೀರಿನ ಬಾಟಲಿ ಕೊಂಡು ಮುರಿಸಿಕೊಳ್ಳಿ.

ಅಂದಹಾಗೆ, ಮಹಾಚಾಯ್ ರಸ್ತೆಯ ಜೇ ಫಾಯ್ ಎಂಬ ಹೋಟೆಲಿಗೆ (ಸಸ್ಯಾಹಾರದ ‘ಜೇ’ ಅಲ್ಲ), ಒಳ್ಳೆಯ ಹೋಟೆಲುಗಳಿಗೆ ತಾರೆ ಕೊಡುವ ಮಿಶೆಲಿನ್ ಗೈಡಿನ 2018ರ ಆವೃತ್ತಿಯಲ್ಲಿ ತಾರೆ ಬಂದ ಮೇಲೆ ಹಲವರು ಇಡೀ ಸಂಜೆಯನ್ನು ಅಲ್ಲಿನ ಸರದಿಯಲ್ಲೇ ಕಳೆಯುತ್ತಾರೆ. ಏಡಿ ಆಮ್ಲೆಟ್ಟು ಒಳ್ಳೆಯದೇ, ಆದರೆ ಸಾವಿರ ಬಾತ್ ದಾಟುತ್ತದೆ. ಅಷ್ಟು ಹಣದಲ್ಲಿ ಯಾವರಾತ್‌ನಲ್ಲಿ ನಾಲ್ವರು ಹೊಟ್ಟೆ ತುಂಬ ತಿನ್ನಬಹುದು.

ದುರಿಯನ್ ಎಂಬ ಗಾಢ ವಾಸನೆಯ ಹಣ್ಣು ಕೊಂಡರೆ ಗಾಡಿಯ ಪಕ್ಕದಲ್ಲೇ ನಿಂತು ಮುಗಿಸಿ. ಅದನ್ನು ಎಂಆರ್‌ಟಿಯೊಳಗೆ ಬಿಡುವುದಿಲ್ಲ, ಬಹುತೇಕ ಹೋಟೆಲ್ ಕೋಣೆಗಳಿಗೂ ಬಿಡುವುದಿಲ್ಲ.